ಕಂಪ್ಯೂಟರಿನ ಅಟ್ಟ ಚಿಕ್ಕದಾದಾಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಬೆಳೆಗಾರರಿಗೆ ಒಂದು ವಿದ್ಯೆ ಗೊತ್ತು. ಅಟ್ಟಕ್ಕೆ ಹಾಕಿದ ಕಾಯಿಯನ್ನು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟು, ಆಮೇಲೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಉಂಡೆ ಕಳಚಿಕೊಂಡು ‘ಲೊಟಲೊಟ’ ಎಂದರೆ ಕೊಬ್ಬರಿ ಆಯಿತು. ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೇ. ಕಿವಿಗೊಡದೆ ಮಚ್ಚು ಎತ್ತಿದವನಿಗೆ ಸಿಗುವುದು ಒಡಕು ಕೊಬ್ಬರಿ, ಕಡಿಮೆ ಬೆಲೆ.

ಕಂಪ್ಯೂಟರ್ ಕೈಕೊಟ್ಟಾಗ ಮಾತ್ರ ನಾವು ಕಿವಿಗಿಂತ ಮೊದಲು ಮಚ್ಚನ್ನೇ ಎತ್ತುತ್ತೇವೆ. ‘ಫಾರ್ಮ್ಯಾಟ್ ಮಾಡಿಬಿಡಿ’ ಎನ್ನುತ್ತೇವೆ. ಮಂಡಿಯ ಹತ್ತು ವರ್ಷದ ಲೆಕ್ಕ, ರೈತರ ಬಾಕಿ, ಕೊಟ್ಟ ಮುಂಗಡ ಎಲ್ಲ ಅದರೊಳಗೇ ಇರುತ್ತದೆ ಎಂಬುದು ಆಗ ನೆನಪಾಗುವುದಿಲ್ಲ. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಶುರುವಾದ ಮೇಲಂತೂ ಎಪಿಎಂಸಿ ವ್ಯವಹಾರಕ್ಕೆ ಕಂಪ್ಯೂಟರ್ ಬೇಕೇ ಬೇಕು. ಆ ಯಂತ್ರ ಎಷ್ಟು ಹಳೆಯದು ಎಂದು ಕೇಳುವವರು ಕಡಿಮೆ.

ಒಂದು ನಿಜವಾದ ಉದಾಹರಣೆ ನೋಡಿ. 2024ರ ಜನವರಿ 9ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಒಂದು ಸುರಕ್ಷಾ ಪರಿಷ್ಕರಣೆ ಕಳಿಸಿತು. ಅದರ ಸಂಖ್ಯೆ ಕೆಬಿ 5034441. ಜಗತ್ತಿನಾದ್ಯಂತ ಅಸಂಖ್ಯ ಯಂತ್ರಗಳಲ್ಲಿ ಅದು ಕೂರಲೇ ಇಲ್ಲ. ಇಳಿಯುವುದು, ಅರ್ಧಕ್ಕೆ ನಿಲ್ಲುವುದು, ಮಾರನೆಯ ದಿನ ಮತ್ತೆ ಅದೇ ಪಾಡು. ಪರದೆಯ ಮೇಲೆ ಕಂಡದ್ದು 80070643 ಎಂಬ ದೋಷಸಂಖ್ಯೆ. ಇದರ ಅರ್ಥ ‘ಸ್ಥಾಪನೆ ವಿಫಲ’ ಎಂದಷ್ಟೇ. ಜ್ವರ ಬಂದಿದೆ ಎಂದು ಹೇಳಿ, ಯಾಕೆ ಬಂತೆಂದು ಹೇಳದ ವೈದ್ಯರ ಹಾಗೆ.

ಜನ ತಮಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದರು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು. ಇಳಿಸಿಕೊಂಡ ಕಡತಗಳ ಕೋಶವನ್ನು ಖಾಲಿ ಮಾಡಿದರು. ಸಿ ಡ್ರೈವಿನಲ್ಲಿದ್ದ ಹಳೆಯ ಮದುವೆ ವಿಡಿಯೋ ಅಳಿಸಿ ಜಾಗ ಮಾಡಿದರು. ಬೇರೆ ಪರಿಷ್ಕರಣೆಗಳು ನಿಂತಾಗ ಇವೆಲ್ಲ ಒಳ್ಳೆಯ ಉಪಾಯಗಳೇ. ಇಲ್ಲಿ ಒಂದೂ ನಡೆಯಲಿಲ್ಲ. ಏಕೆಂದರೆ ಜಾಗ ಬೇಕಿದ್ದದ್ದು ಸಿ ಡ್ರೈವಿನಲ್ಲಲ್ಲ.

ವಿಂಡೋಸ್ ತನ್ನ ಡಿಸ್ಕಿನ ಒಂದು ಮೂಲೆಯಲ್ಲಿ ಪುಟ್ಟ ವಿಭಾಗವೊಂದನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಯಂತ್ರ ಏಳದೆ ಮಲಗಿದಾಗ ಅದನ್ನು ಎಬ್ಬಿಸುವ ಸಲಕರಣೆ ಅಲ್ಲಿರುತ್ತದೆ. ಇದು ರಿಕವರಿ ವಿಭಾಗ. ಮನೆಯ ಮುಖ್ಯ ಅಟ್ಟದ ಪಕ್ಕದ ಸಣ್ಣ ಅಟ್ಟ ಅಂದುಕೊಳ್ಳಿ. ಹೊಸ ಪರಿಷ್ಕರಣೆಗೆ ಅಲ್ಲಿ 250 ಮೆಗಾಬೈಟ್ ಖಾಲಿ ಜಾಗ ಬೇಕಿತ್ತು. ಹಳೆಯ ಯಂತ್ರಗಳಲ್ಲಿ ಅಷ್ಟು ಇರಲಿಲ್ಲ. ದೊಡ್ಡ ಅಟ್ಟವನ್ನು ಎಷ್ಟು ಖಾಲಿ ಮಾಡಿದರೂ ಸಣ್ಣ ಅಟ್ಟ ಹಿಗ್ಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಅಲ್ಲಾಡಿಸಿ ನೋಡಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ರೀಏಜೆಂಟ್‌ಸಿ’ ಎಂಬ ಆಜ್ಞೆಗೆ ‘ಇನ್ಫೋ’ ಸೇರಿಸಿ ಕೊಟ್ಟರೆ, ರಿಕವರಿ ಸಲಕರಣೆ ಚಾಲ್ತಿಯಲ್ಲಿದೆಯೇ, ಎಲ್ಲಿದೆ ಎಂದು ಯಂತ್ರವೇ ಹೇಳುತ್ತದೆ. ನಿಮ್ಮ ಯಂತ್ರದಲ್ಲಿ ಆ ವಿಭಾಗವೇ ಇಲ್ಲದಿದ್ದರೆ ಈ ಪರಿಷ್ಕರಣೆಯ ಅಗತ್ಯವೂ ಇಲ್ಲ. ದೋಷಸಂಖ್ಯೆಯನ್ನು ಕಂಡೂ ಕಾಣದಂತೆ ಇರಬಹುದು ಎಂದು ಕಂಪನಿಯೇ ತಿಳಿಸಿತು. ಇದ್ದು, ಜಾಗ ಸಾಲದಿದ್ದರೆ ಸಲಕರಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸಿ ಡ್ರೈವನ್ನು 250 ಮೆಗಾಬೈಟಿನಷ್ಟು ಕುಗ್ಗಿಸಿ, ಹಳೆಯ ರಿಕವರಿ ವಿಭಾಗವನ್ನು ಅಳಿಸಿ ದೊಡ್ಡದಾಗಿ ಮತ್ತೆ ಕಟ್ಟಿ, ಸಲಕರಣೆಯನ್ನು ಚಾಲೂ ಮಾಡಬೇಕು. ಇದು ತಾನಾಗಿ ಸರಿಹೋಗುವ ವ್ಯವಸ್ಥೆ ಬರುವುದಿಲ್ಲ, ಕೈಯಾರೆ ಮಾಡಿಕೊಳ್ಳಬೇಕು ಎಂದೂ ಕಂಪನಿ ಮುಂದೆ ಸ್ಪಷ್ಟಪಡಿಸಿತು.

ಇಲ್ಲಿ ಒಂದು ಎಚ್ಚರಿಕೆ. ಅಳಿಸುವಾಗ ಒಂದು ಅಂಕಿ ತಪ್ಪಿದರೆ ರಿಕವರಿ ವಿಭಾಗದ ಬದಲು ಲೆಕ್ಕಪತ್ರವೇ ಹೋದೀತು. ಆದ್ದರಿಂದ ಮೊದಲ ಕೆಲಸ, ಲೆಕ್ಕವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡುವುದು. ಕೈ ನಡುಗುವವರು ಬಲ್ಲವರನ್ನು ಕರೆಯುವುದೇ ಲೇಸು.

ಇಷ್ಟೆಲ್ಲ ಕಷ್ಟಪಡಬೇಕೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬೀಗ ಯಾವ ಬಾಗಿಲಿನದು ಎಂದು ನೋಡಿ. ಈ ಪರಿಷ್ಕರಣೆ ಮುಚ್ಚಿದ್ದು ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆಯಲ್ಲಿದ್ದ ಕಿಂಡಿಯನ್ನು. ಅದನ್ನು ಬಳಸಿಕೊಳ್ಳಲು ಕಳ್ಳನಿಗೆ ಯಂತ್ರ ಕೈಗೆ ಸಿಗಬೇಕು. ನೀವು ಬಿಟ್‌ಲಾಕರ್ ಬಳಸುತ್ತಿಲ್ಲವಾದರೆ, ಕಂಪ್ಯೂಟರ್ ಕದ್ದವನು ಡಿಸ್ಕ್ ಬಿಚ್ಚಿ ಹೇಗಿದ್ದರೂ ಓದಬಲ್ಲ. ಆಗ ಕಿಂಡಿಗಿಂತ ಅಂಗಡಿಯ ಬಾಗಿಲಿನ ಬೀಗವೇ ಮುಖ್ಯ.

ಎಲ್ಲ ಕಿಂಡಿಗಳೂ ಹೀಗಲ್ಲ. 2017ರ ಮೇ 12ರಂದು ಹಬ್ಬಿದ ‘ವಾನಾಕ್ರೈ’ ನೆನಪಿದೆಯೇ? ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ಪಿಡುಗು ಅದು. ಅದಕ್ಕೆ ಯಾರೂ ಯಂತ್ರವನ್ನು ಮುಟ್ಟಬೇಕಾಗಿರಲಿಲ್ಲ; ಜಾಲದಲ್ಲೇ ಹರಿದು ಬಂತು. ಅದನ್ನು ತಡೆಯುವ ಪರಿಷ್ಕರಣೆ ಮಾರ್ಚ್ 14ರಂದೇ ಬಂದಿತ್ತು. ಸುಮಾರು ಎರಡು ತಿಂಗಳು ‘ನಾಳೆ ಹಾಕಿಕೊಂಡರಾಯಿತು’ ಎಂದವರು ದಂಡ ತೆತ್ತರು. ಅಂಥದ್ದು ವಿಫಲವಾದರೆ ಕೈಕಟ್ಟಿ ಕೂರುವಂತಿಲ್ಲ.

ಇನ್ನು ಹಳೆಯ ಯಂತ್ರದ ಆಯಸ್ಸಿನ ಮಾತು. ವಿಂಡೋಸ್ 7ಕ್ಕೆ ಉಚಿತ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 10ರ ಮನೆಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ಪರಿಷ್ಕರಣೆ ಎಂದು ಕಂಪನಿ ಗಡುವು ಕೊಟ್ಟಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಲವು ಹಳೆಯ ಪೆಟ್ಟಿಗೆಗಳಲ್ಲಿ ಅದಿಲ್ಲ. ಅಂಥ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಹಾಕಬಹುದು. ಇಲ್ಲವೇ ಅಂತರಜಾಲದ ತಂತಿ ಕಿತ್ತು ಬರಿಯ ಲೆಕ್ಕಕ್ಕೆ ಬಿಡಬಹುದು. ಬ್ಯಾಂಕಿನ ವ್ಯವಹಾರವನ್ನಂತೂ ಅದರಲ್ಲಿ ಮಾಡಬೇಡಿ.

ತೋಟದಲ್ಲಿ ಫಲ ನಿಂತ ಮರವನ್ನು ಯಾರೂ ಒಂದೇ ದಿನಕ್ಕೆ ಕಡಿಯುವುದಿಲ್ಲ. ಪಕ್ಕದಲ್ಲಿ ಸಸಿ ನೆಟ್ಟು, ಅದು ಬೇರೂರಿದ ಮೇಲೆ ಹಳೆಯದನ್ನು ತೆಗೆಯುತ್ತಾರೆ. ಕಂಪ್ಯೂಟರಿಗೂ ಅದೇ ನ್ಯಾಯ. ಈ ವಾರ ಬಿಡುವಾದಾಗ ನಿಮ್ಮ ಯಂತ್ರದ ವಿಂಡೋಸ್ ಯಾವುದು, ಕೊನೆಯ ಪರಿಷ್ಕರಣೆ ಯಾವಾಗ ಕೂತದ್ದು ಎಂದು ಒಮ್ಮೆ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನಕಲು ತೆಗೆದ ದಿನವನ್ನೂ ಅದರ ಕೆಳಗೆ ಬರೆಯಿರಿ. ಆ ಜಾಗ ಖಾಲಿ ಉಳಿದರೆ, ಇವತ್ತೇ ತುಂಬಿಸಿ.