ಹಳೇ ಒಲೆ ಕೆಡವಬೇಡಿ

ನನ್ನ ತಮ್ಮ ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಕೊಂಡಿದ್ದಾನೆ. ಪಹಣಿ ಪ್ರಿಂಟು, ಅರ್ಜಿ ಟೈಪಿಂಗು, ಅಪರೂಪಕ್ಕೊಂದು ಮದುವೆ ಪತ್ರಿಕೆ. ಬಂದವರ ಪೆನ್‌ಡ್ರೈವ್‌ನಿಂದ ವೈರಸ್ ಕಾಟ ಅಂತ ಅವನ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ಎರಡು ವರ್ಷ ಚೆನ್ನಾಗಿ ನಡೀತು. ಒಂದು ಭಾನುವಾರ ಊರಿಗೆ ಹೋದವನು ಅಪ್‌ಗ್ರೇಡ್ ಮಾಡಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದುಬಿಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಫೋನು: "ಅಣ್ಣಾ, ಕೆಳಗಿನ ಪಟ್ಟಿ ಎಲ್ಲೋಯ್ತು? ಜನ ಕಾಯ್ತಾ ನಿಂತವ್ರೆ." ಕಾಲೇಜು ಅಡ್ಮಿಷನ್ ಸಮಯ ಬೇರೆ. ಹಳೇದನ್ನ ವಾಪಸ್ ತರೋದು ಹೇಗೆ ಅಂತ ಫೋನಲ್ಲಿ ಹೇಳಿಕೊಡೋಕೆ ನನ್ನ ಕೈಲಿ ಆಗಲಿಲ್ಲ. ಯಾವ ಡೆಸ್ಕ್‌ಟಾಪು ಅಂತ ಹೇಳಲ್ಲ. ಗುಂಡಿ ಒತ್ತಿದ ಬೆರಳು ನನ್ನದು.

ಆದರೆ ಹೊಸದು ಬಂದ ತಕ್ಷಣ ಹಳೇದು ಯಾಕ್ರೀ ಮಾಯವಾಗಬೇಕು? ಎರಡೂ ಒಂದೇ ಮೆಷೀನಲ್ಲಿ ಇರಲಿ, ಲಾಗಿನ್ ಪರದೆಯಲ್ಲಿ ಬೇಕಾದ್ದನ್ನ ಆರಿಸ್ಕೊಳ್ಳೋಣ. ಮನೆಗೆ ಗ್ಯಾಸ್ ಬಂತು ಅಂತ ನಮ್ಮವ್ವ ಸೌದೆ ಒಲೆ ಕೆಡವಲಿಲ್ಲ. ಸಿಲಿಂಡರ್ ಖಾಲಿಯಾದ ದಿನ ಅದರ ಮೇಲೇ ಮುದ್ದೆಗೆ ಎಸರಿಟ್ಟಳು.

ಇದು ಆಗದ ಮಾತೇನಲ್ಲ. 2008ರ ಜನವರಿಯಲ್ಲಿ ಬಂದ ಕೆಡಿಇ 4.0 ಇನ್ನೂ ಅರೆಬೆಂದಿತ್ತು. ಆಗ ಓಪನ್‌ಸುಸೆಯಲ್ಲಿ ಹಳೇ 3.5 ಬೇರೆ ಫೋಲ್ಡರಿನಲ್ಲಿ, ಹೊಸದು ಬೇರೆ ಕಡೆ. ಸೆಟ್ಟಿಂಗ್ಸ್ ಕೂಡ ಬೇರೆ ಬೇರೆ. ಎರಡೂ ಒಂದಕ್ಕೊಂದು ಮುಟ್ಟದೆ ಬದುಕಿದವು. 2011ರ ಏಪ್ರಿಲಿನಲ್ಲಿ ಗ್ನೋಮ್ 3 ಬಂದಾಗ ಹಾಗಾಗಲಿಲ್ಲ. ಪ್ರೋಗ್ರಾಮುಗಳ ಹೆಸರು ಅವೇ, ಕೂರೋ ಜಾಗವೂ ಅದೇ. ನಾಟಿಲಸ್ ಅಂದ್ರೆ ಒಂದೋ ಹಳೇದು, ಇಲ್ಲ ಹೊಸದು.

ತಮಾಷೆ ಏನು ಗೊತ್ತಾ? ಹೊಂದಿಕೆಯಾಗದ ಹೊಸ ಆವೃತ್ತಿಗೆ ಹೊಸ ಹೆಸರಿಡಿ, ಎರಡೂ ಜೊತೆಗೆ ಇರೋ ಹಾಗೆ ಮಾಡಿ ಅಂತ ವಾದಿಸಿ ಬರೆದವನು ಗ್ನೋಮ್‌ನದೇ ಡೆವಲಪರ್ ಹ್ಯಾವೊಕ್ ಪೆನಿಂಗ್ಟನ್. ಲೈಬ್ರರಿಗಳ ವಿಷಯದಲ್ಲಿ ಅದನ್ನ ಪಾಲಿಸಿದರು ಕೂಡ. ಜಿಟಿಕೆ 2 ಮತ್ತು 3 ಇವತ್ತಿಗೂ ಒಂದೇ ಮೆಷೀನಲ್ಲಿ ಸಂಸಾರ ಮಾಡ್ತವೆ. ಅಂದರೆ ಕೋಡ್ ಬರೆಯೋ ನಮ್ಮಂಥವರಿಗೆ ಆ ಸೌಕರ್ಯ. ಪರದೆ ಮುಂದೆ ಕೂತು ಪಹಣಿ ಪ್ರಿಂಟ್ ಮಾಡೋನಿಗೆ ಇಲ್ಲ!

ಕೊನೆಗೆ ಹಳೇ ಗ್ನೋಮನ್ನೇ ಮಾಟೆ ಅಂತ ಉಳಿಸಿಕೊಂಡವರು ಹೊರಗಿನವರು. ಗ್ನೋಮ್ 3ರ ಪಕ್ಕದಲ್ಲಿ ಜಾಗ ಸಿಗಲಿ ಅಂತ ಒಂದೊಂದಕ್ಕೂ ಹೆಸರು ಬದಲಿಸಿದರು. ನಾಟಿಲಸ್ ಹೋಗಿ ಕಾಹಾ, ಜಿಎಡಿಟ್ ಹೋಗಿ ಪ್ಲೂಮಾ. ಬಂದ ಸೊಸೆ ಇದ್ದ ಹೆಸರಲ್ಲೇ ಇದ್ದು, ಅತ್ತೆ ಹೆಸರು ಬದಲಿಸಿಕೊಂಡ ಹಾಗೆ.

"ಎರಡನ್ನೂ ಯಾರು ನೋಡ್ಕೋತಾರೆ? ನಾವು ಬಿಟ್ಟಿ ದುಡಿಯೋರು" ಅಂತೀರಿ. ನಿಜ, ಒಪ್ಪಿದೆ. ನೋಡ್ಕೊಳ್ಳಿ ಅಂತ ನಾನು ಕೇಳ್ತಾನೇ ಇಲ್ಲ. ಹೊಸದನ್ನ ಪಕ್ಕದ ಸೈಟಲ್ಲಿ ಕಟ್ಟಿ ಅಂತಷ್ಟೇ. ಗ್ನೋಮ್ 3ರಲ್ಲಿ ಫಾಲ್‌ಬ್ಯಾಕ್ ಮೋಡ್ ಇತ್ತಲ್ಲ ಅನ್ನಬೇಡಿ. ಅದು ಹಳೇ ಮನೆಯಲ್ಲ, ಹಳೇ ಮನೆಯ ಬಣ್ಣ. ಅದನ್ನೂ 2013ರಲ್ಲಿ ತೆಗೆದರು.

ಆಫೀಸಲ್ಲಿ ನಾನೂ ಇದನ್ನೇ ಮಾಡಿದ್ದೀನಿ. ಹಳೇ ಸ್ಕ್ರೀನ್ ಕಿತ್ತುಹಾಕಿ, "ಯೂಸರ್ ಅಭ್ಯಾಸ ಮಾಡ್ಕೋತಾರೆ" ಅಂತ ಮೀಟಿಂಗಲ್ಲಿ ಹೇಳಿ ಟೀ ಕುಡಿದು ಬಂದಿದ್ದೀನಿ.

ಕಳೆದ ತಿಂಗಳು ತಮ್ಮನ ಅಂಗಡಿಗೆ ಹೋದೆ. ಯಾರೋ ಪೈರೇಟೆಡ್ ವಿಂಡೋಸ್ ಹಾಕಿಕೊಟ್ಟಿದ್ದಾರೆ, ವೈರಸ್ಸೂ ವಾಪಸ್ ಬಂದಿದೆ. ಸರಿಮಾಡೋಣ ಅಂತ ಕುರ್ಚಿ ಎಳೆದೆ.

"ನೀನು ಮಾತ್ರ ಮುಟ್ಟಬೇಡ ಅಣ್ಣಾ" ಅಂದ.