ಮನೆಯ ಕಥೆ ಮಕ್ಕಳಿಗೆ ತಲುಪಲಿ

ನಮ್ಮ ಮಕ್ಕಳಿಗೆ ಶಿವಾಜಿ ಮಹಾರಾಜರ ಚರಿತ್ರೆ ಗೊತ್ತು. ಅದು ಸಂತೋಷವೇ ಸರಿ. ಆದರೆ ಅವರ ಅಜ್ಜ ಈ ಮುಂಬಯಿಗೆ ಬಂದ ಬಗೆಯನ್ನು ಕೇಳಿದರೆ ನಮ್ಮ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ, ನಮ್ಮದು.

ಕೊಂಕಣ ರೈಲುಮಾರ್ಗವು ೧೯೯೮ರಲ್ಲಿ ಪೂರ್ಣವಾಗಿ ತೆರೆಯುವುದಕ್ಕೆ ಬಹುಕಾಲ ಮೊದಲೇ ನಮ್ಮ ಹಿರಿಯರನೇಕರು ಮಂಗಳೂರಿನಿಂದ ಹಡಗಿನಲ್ಲಿ ಬಂದರು. ಹಗಲೆಲ್ಲ ಲೋಟ ತೊಳೆದು, ಹಿಟ್ಟು ರುಬ್ಬಿ, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಹೋಟೆಲಿನ ಮೇಜುಗಳನ್ನೇ ಜೋಡಿಸಿ ಮಲಗಿದರು. ಇದನ್ನು ಹೇಳಲು ನಾವು ನಾಚುತ್ತೇವೆ. ಗುಮಾಸ್ತನಾದ ಮಗನು ತಂದೆ ಲೋಟ ತೊಳೆದುದನ್ನು ಮುಚ್ಚಿಡುತ್ತಾನೆ. ದುಡಿದು ಉಂಡುದರಲ್ಲಿ ನಾಚಿಕೆಯೇಕೆ? ಮುಚ್ಚಿಟ್ಟರೆ ನಾಳೆ ನಮ್ಮ ಮಗುವೇ ಮೇಜು ಒರೆಸುವ ಹುಡುಗನನ್ನು ಕೀಳಾಗಿ ಕಂಡೀತು.

ಹೋಟೆಲಿನಲ್ಲಿ ದುಡಿಯುವವರಿಗೆ ಬಿಡುವೆಲ್ಲಿ ಎಂಬ ಮಾತು ಸುಳ್ಳಲ್ಲ. ಆದರೆ ಕಥೆಗೆ ಹತ್ತು ನಿಮಿಷ ಸಾಕು. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದವರು ದೂರವಾಣಿಯಲ್ಲಿಯೇ ಹೇಳಬಹುದು. ಎಳೆಯರಿಗೆ ಉಪದೇಶ ಬೇಡ. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಏನೇನಿತ್ತು, ಹಡಗು ತೂಗಿದಾಗ ಅವರು ಹೆದರಿದರೇ, ಮೊದಲ ಸಂಬಳದಲ್ಲಿ ಅಜ್ಜಿಗೆ ಏನು ಕೊಂಡರು ಎಂಬಂಥವೇ ಅವರಿಗೆ ಪ್ರಿಯ. ತುಳುವಾಗಲಿ, ಕುಂದಾಪುರದ ಕನ್ನಡವಾಗಲಿ, ಮನೆಮಾತಿನಲ್ಲಿಯೇ ಹೇಳೋಣ. ಸೋತುದನ್ನೂ ಸಾಲ ಮಾಡಿದುದನ್ನೂ ಬಿಡದಿರೋಣ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಅಜ್ಜಿಯ ಬಳಿ ಕೂರಿಸೋಣ.

ಹಿರಿಯರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಅವರೊಡನೆ ಹೋದ ಕಥೆಯು ಯಾವ ಪುಸ್ತಕದಂಗಡಿಯಲ್ಲಿಯೂ ದೊರೆಯದು. ಇಂದಿನ ರಾತ್ರಿಯೇ ಆರಂಭಿಸೋಣ.