ಇಳಿದ ವಿಮಾನ ನಿಲ್ಲದಿದ್ದರೆ?

ಆಕಾಶಯಾನದ ಗಂಡಾಂತರವೆಂದೊಡನೆ ಜನರ ಮನಸ್ಸು ಮುಗಿಲ ನಡುವಿನ ಬಿರುಗಾಳಿಯನ್ನೂ ಕೆಟ್ಟುಹೋದ ಎಂಜಿನ್ನನ್ನೂ ನೆನೆಯುವುದು ಸಹಜವೇ ಸರಿ. ಆದರೆ ಚಕ್ರಗಳು ಭೂಮಿಯನ್ನು ಮುಟ್ಟಿ, ಪ್ರಯಾಣಿಕರು ನೆಮ್ಮದಿಯ ಉಸಿರುಬಿಟ್ಟ ಮೇಲಿನ ಅರ್ಧ ನಿಮಿಷದಲ್ಲಿಯೇ ಎಷ್ಟೋ ಜೀವಗಳು ಹೋಗಿರುತ್ತವೆಂಬುದನ್ನು ನಾವು ಮರೆಯಲಾಗದು. ಇಂಥ ಅನಾಹುತವಾದಾಗಲೆಲ್ಲ “ಬ್ರೇಕು ಹಿಡಿಯಲಿಲ್ಲ” ಎಂದು ಒಂದು ಮಾತು, “ಚಾಲಕನು ತಪ್ಪಿದನು” ಎಂದು ಇನ್ನೊಂದು ಮಾತು ಕೇಳಿಬರುತ್ತದೆ. ಇವೆರಡರಿಂದಲೇ ವಿಷಯವು ಮುಗಿಯಿತೆ? ಮುಗಿಯಲಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ದೊಡ್ಡ ಪ್ರಯಾಣಿಕ ವಿಮಾನವು ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಿಂದ ನೆಲಕ್ಕಿಳಿಯುತ್ತದೆ. ಅದನ್ನು ತಡೆದು ನಿಲ್ಲಿಸುವುದು ಕೇವಲ ಚಕ್ರದ ಬ್ರೇಕಿನ ಕೆಲಸವಲ್ಲ. ರೆಕ್ಕೆಗಳ ಮೇಲಿನ ಹಲಗೆಗಳು ಎದ್ದುನಿಂತು, ವಿಮಾನವನ್ನು ಎತ್ತಿಹಿಡಿಯುವ ಗಾಳಿಯ ಬಲವನ್ನು ಮುರಿದು, ಅದರ ಭಾರವನ್ನೆಲ್ಲ ಚಕ್ರಗಳ ಮೇಲೆ ಬೀಳಿಸಬೇಕು. ಎಂಜಿನ್ನಿನ ಒತ್ತು ಹಿಮ್ಮುಖವಾಗಬೇಕು. ಆಗ ಬ್ರೇಕಿಗೆ ನೆಲದ ಹಿಡಿತ ದೊರೆಯುವುದು. ವೇಗವು ಇಮ್ಮಡಿಯಾದರೆ ತಡೆಯಬೇಕಾದ ಶಕ್ತಿಯು ನಾಲ್ಮಡಿಯಾಗುವುದೆಂಬ ಶಾಸ್ತ್ರನಿಯಮವನ್ನು ನೆನೆದರೆ, ಕೆಲವು ಸೆಕೆಂಡುಗಳ ವಿಳಂಬವೂ ಪ್ರಾಣಾಂತಿಕವಾದೀತೆಂಬುದು ಯಾರಿಗಾದರೂ ತಿಳಿಯುವಂತಿದೆ.

1993ನೆಯ ಸೆಪ್ಟೆಂಬರ್ 14ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ನಡೆದುದು ಇದಕ್ಕೆ ಸಾಕ್ಷಿ. ಲುಫ್ತಾನ್ಸಾ ಸಂಸ್ಥೆಯ ಏರ್‌ಬಸ್ ಎ-320 ವಿಮಾನವು 70 ಜನರೊಡನೆ ಮಳೆಯಲ್ಲಿ ತೊಯ್ದ ರನ್‌ವೇಗೆ ಇಳಿಯಿತು. ಗಾಳಿಯ ಎಚ್ಚರಿಕೆಯಿದ್ದುದರಿಂದ ವೈಮಾನಿಕರು ವೇಗವನ್ನು ಹೆಚ್ಚಿಸಿಕೊಂಡಿದ್ದರು. ಇಳಿಯುವಷ್ಟರಲ್ಲಿ ಗಾಳಿಯು ಬೆನ್ನಹಿಂದಿನಿಂದ ಬೀಸತೊಡಗಿತ್ತು. ಬಲಗಡೆಯ ಚಕ್ರಗಳು ರನ್‌ವೇಯ ಆರಂಭದಿಂದ 770 ಮೀಟರಿನಲ್ಲಿ ನೆಲ ಮುಟ್ಟಿದವು. ಎಡಗಡೆಯವು ಮುಟ್ಟಿದುದು 9 ಸೆಕೆಂಡುಗಳ ಬಳಿಕ, 1525 ಮೀಟರಿನಲ್ಲಿ. ಎರಡೂ ಕಡೆಯ ಚಕ್ರಸ್ತಂಭಗಳ ಮೇಲೆ ಸಾಕಷ್ಟು ಭಾರ ಬಿದ್ದ ಹೊರತು, ಇಲ್ಲವೆ ಚಕ್ರಗಳು ನಿಯತ ವೇಗದಿಂದ ಉರುಳಿದ ಹೊರತು, ರೆಕ್ಕೆಯ ಹಲಗೆಗಳನ್ನು ಎಬ್ಬಿಸಕೂಡದೆಂದು ಗಣಕಯಂತ್ರಕ್ಕೆ ವಿಧಿಸಲಾಗಿತ್ತು. ಆಕಾಶದಲ್ಲಿಯೇ ಅವು ತೆರೆದುಕೊಳ್ಳಬಾರದೆಂಬುದು ಆ ನಿಯಮದ ಸದುದ್ದೇಶ. ಆದರೆ ನೀರಿನ ಮೇಲೆ ಚಕ್ರಗಳು ಜಾರಿದವು; ವಿಮಾನವು ಇಳಿಯಿತೆಂಬುದನ್ನು ಮನುಷ್ಯರು ಬಲ್ಲರಾಗಿದ್ದರೂ ಯಂತ್ರವು ಒಪ್ಪಲಿಲ್ಲ! ರನ್‌ವೇ ಮುಗಿದು, ಆಚೆಗಿದ್ದ ಮಣ್ಣಿನ ದಿಬ್ಬಕ್ಕೆ ವಿಮಾನವು ಬಡಿದು ಹೊತ್ತಿಕೊಂಡಿತು. ಇಬ್ಬರು ಮಡಿದರು. ವಿಚಾರಣಾ ಮಂಡಲಿಯವರು ವೈಮಾನಿಕರ ನಿರ್ಧಾರಗಳನ್ನು ದೋಷವೆಂದೆಣಿಸಿದರಾದರೂ, ಯಂತ್ರದ ಏರ್ಪಾಡಿನಿಂದಾದ ವಿಳಂಬವನ್ನೂ ದಾಖಲೆಮಾಡದೆ ಬಿಡಲಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವುಂಟು. 2020ನೆಯ ಜೂನ್ 14ರಂದು ತೈಪೆಯ ಸೊಂಗ್‌ಶಾನ್ ನಿಲ್ದಾಣದಲ್ಲಿ ಚೈನಾ ಏರ್‌ಲೈನ್ಸಿನ ಎ-330 ವಿಮಾನವು ನೆಲ ಮುಟ್ಟಿದ ಕ್ಷಣದಲ್ಲಿಯೇ ಅದರ ಮೂರು ಪ್ರಧಾನ ನಿಯಂತ್ರಣ ಗಣಕಗಳೂ ಒಟ್ಟಿಗೆ ನಿಂತುಹೋದವು. ತಾನಾಗಿ ಹಿಡಿಯುವ ಬ್ರೇಕು, ರೆಕ್ಕೆಯ ಹಲಗೆ, ಎಂಜಿನ್ನಿನ ಹಿಮ್ಮುಖ ಒತ್ತು ಈ ಮೂರೂ ಇಲ್ಲವಾದವು. ವೈಮಾನಿಕರಿಬ್ಬರೂ ಕಾಲಿನಿಂದಲೇ ಬ್ರೇಕನ್ನು ಬಲವಾಗಿ ಒತ್ತಿಹಿಡಿದುದರಿಂದ ವಿಮಾನವು ರನ್‌ವೇಯ ಕೊನೆಗೆ ಕೇವಲ 30 ಅಡಿ ಉಳಿದಿರುವಾಗ ನಿಂತಿತು. 87 ಮಂದಿ ಪ್ರಯಾಣಿಕರಲ್ಲಿ ಒಬ್ಬರಿಗೂ ಅಪಾಯವಾಗಲಿಲ್ಲ. ಒಂದೆಡೆ ಯಂತ್ರದ ನಿಯಮವು ಮನುಷ್ಯನನ್ನು ತಡೆಯಿತು. ಇನ್ನೊಂದೆಡೆ ಮನುಷ್ಯನ ಕಾಲು ಯಂತ್ರದ ಕೊರತೆಯನ್ನು ತುಂಬಿತು. ಎರಡರಲ್ಲಿ ಯಾವುದನ್ನೂ ಸಂಪೂರ್ಣವಾಗಿ ನಂಬಿ ಕುಳಿತಿರಲಾಗದೆಂಬುದೇ ಇವುಗಳ ತಾತ್ಪರ್ಯ. ಯಂತ್ರವು ಕೆಡುವುದುಂಟು, ಮನುಷ್ಯನು ತಪ್ಪುವುದುಂಟು. ಎರಡೂ ಸೋತಲ್ಲಿ ಉಳಿಯುವ ಆಸರೆಯೆಂದರೆ ನೆಲವೊಂದೇ.

ಇದು ಕನ್ನಡಿಗರಿಗೆ ಪರದೇಶದ ಸುದ್ದಿಮಾತ್ರವಲ್ಲ. 2010ನೆಯ ಮೇ 22ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ದುಡಿಮೆಗಾಗಿ ಕಡಲಾಚೆ ಹೋಗಿ, ತಮ್ಮವರ ಮುಖ ನೋಡಲು ಮರಳಿದವರು ಅವರಲ್ಲಿದ್ದರು. ಅಲ್ಲಿ ಬ್ರೇಕು ಕೆಟ್ಟಿರಲಿಲ್ಲ. 8033 ಅಡಿಯ ರನ್‌ವೇಯಲ್ಲಿ ಸುಮಾರು 5200 ಅಡಿ ದಾಟಿದ ಮೇಲೆ ವಿಮಾನವು ನೆಲ ಮುಟ್ಟಿತ್ತು. ಮರಳಿ ಮೇಲೇರೋಣವೆಂಬ ಸಹವೈಮಾನಿಕನ ಮಾತು ನಡೆಯಲಿಲ್ಲ. ನಿಲ್ಲಿಸುವ ಯತ್ನವನ್ನು ಆರಂಭಿಸಿದ ಮೇಲೆ ಅದನ್ನು ನಡುವೆಯೇ ಬಿಟ್ಟು ಹಾರಲು ಯತ್ನಿಸಲಾಯಿತು. ಪ್ರಧಾನ ವೈಮಾನಿಕನ ದೋಷವನ್ನು ವಿಚಾರಣಾ ನ್ಯಾಯಾಲಯವು ನಿಸ್ಸಂದಿಗ್ಧವಾಗಿ ಹೇಳಿದೆ, ನಾವದನ್ನು ಅಲ್ಲಗಳೆಯುವುದಿಲ್ಲ. ಆದರೆ ರನ್‌ವೇಯ ಆಚೆಗೆ ಕಾದಿದ್ದುದೇನು? 90 ಮೀಟರಿನ ಸುರಕ್ಷಾಪ್ರದೇಶ, ಅದರಾಚೆ ರೆಕ್ಕೆಯನ್ನು ಮುರಿದ ದಿಗ್ದರ್ಶಕ ಆಂಟೆನಾದ ಕಟ್ಟಡ, ಅದರಾಚೆ ಕಣಿವೆ.

ಅದಾದ ಹತ್ತು ವರ್ಷಗಳ ಮೇಲೆ, 2020ನೆಯ ಆಗಸ್ಟ್ 7ರಂದು, ಕಲ್ಲಿಕೋಟೆಯ ಗುಡ್ಡದ ನೆತ್ತಿಯ ರನ್‌ವೇಯಿಂದ ಅದೇ ಸಂಸ್ಥೆಯ ವಿಮಾನವು ಮಳೆಯಲ್ಲಿ ಕೆಳಗುರುಳಿ 21 ಜನರು ಸತ್ತರು. 2024ನೆಯ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನಿನಲ್ಲಿ ಚಕ್ರಗಳೇ ಹೊರಬಾರದೆ ಹೊಟ್ಟೆಯ ಮೇಲೆ ಜಾರಿಬಂದ ವಿಮಾನವು ಕಾಂಕ್ರೀಟು ಹುದುಗಿಸಿದ ದಿಬ್ಬಕ್ಕೆ ಬಡಿದು, 181 ಜನರಲ್ಲಿ 179 ಮಂದಿ ಹತರಾದರು. ಕಾರಣಗಳು ಬೇರೆ ಬೇರೆ. ರನ್‌ವೇಯ ಕೊನೆಯಲ್ಲಿ ಕಾದಿದ್ದ ಮೃತ್ಯು ಮಾತ್ರ ಒಂದೇ.

ಪರಿಹಾರವು ಅಜ್ಞಾತವೇನೂ ಅಲ್ಲ. ರನ್‌ವೇಯಾಚೆಗೆ ಕನಿಷ್ಠ 90 ಮೀಟರ್, ಸಾಧ್ಯವಾದಲ್ಲಿ 240 ಮೀಟರ್ ಸುರಕ್ಷಾಪ್ರದೇಶವಿರಬೇಕೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಹೇಳಿದೆ. ಸ್ಥಳವಿಲ್ಲದ ಕಡೆ, ಚಕ್ರದ ಭಾರಕ್ಕೆ ಪುಡಿಯಾಗಿ ವಿಮಾನವನ್ನು ಹಿಡಿದು ನಿಲ್ಲಿಸುವ ಹಗುರ ಕಾಂಕ್ರೀಟಿನ ಹಾಸನ್ನು ಹಾಕಬಹುದು. ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಲ್ಲಿ 1999ರಲ್ಲಿ ಇಂಥ ಹಾಸು ಮೇರೆಮೀರಿದ ವಿಮಾನವೊಂದನ್ನು ತಡೆಯಿತು. ಅದರೊಳಗಿದ್ದ 30 ಜನರಲ್ಲಿ ಒಬ್ಬರ ಪ್ರಾಣವೂ ಹೋಗಲಿಲ್ಲ. ಆಂಟೆನಾಗಳ ಕಂಬಗಳು ತಾಗಿದೊಡನೆ ಮುರಿದುಬೀಳುವಂತಿರಬೇಕು. ಕಾಂಕ್ರೀಟಿನ ಆಧಾರವು ನೆಲದ ಮಟ್ಟಕ್ಕಿಂತ ಮೇಲೆ ತಲೆಯೆತ್ತಿರಕೂಡದು.

ಭೂಮಿ ದೊರೆಯದು, ವೆಚ್ಚ ಅಧಿಕವೆಂದು ಅಧಿಕಾರಿವರ್ಗದವರು ಹೇಳಬಹುದು. ಘಟ್ಟದ ಸೀಮೆಯಲ್ಲಿ ಈ ತೊಡಕು ನಿಜವಾದುದೇ. ಆದರೆ ನೆಲವನ್ನು ಬೆಳೆಸಲಾಗದಿದ್ದರೆ ವಿಮಾನದ ಭಾರವನ್ನಾದರೂ ಮಿತಿಗೊಳಿಸಬಹುದು. ಮಳೆಗಾಳಿ ಮೀರಿದಾಗ ಇಳಿಯಲು ಅನುಮತಿಯನ್ನು ನಿರಾಕರಿಸಬಹುದು. ಇಳಿಯದೆ ಹಿಂತಿರುಗಿದ ವೈಮಾನಿಕನಿಗೆ ತೊಂದರೆಯಾಗದಂತೆ ರಕ್ಷಣೆ ಕೊಡಬಹುದು. ನಿಲ್ದಾಣಗಳ ಆಡಳಿತವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಮಾತ್ರಕ್ಕೆ ಪ್ರಜೆಗಳ ಪ್ರಾಣದ ಹೊಣೆಯು ಸರಕಾರದ ಹೆಗಲಿನಿಂದ ಇಳಿದುಹೋಗಲಾರದು.

ಸತ್ತ ವೈಮಾನಿಕನು ಉತ್ತರ ಹೇಳಲಾರನಾದುದರಿಂದ ದೋಷವನ್ನೆಲ್ಲ ಅವನ ತಲೆಗೆ ಕಟ್ಟಿ ಕಡತ ಮುಚ್ಚುವುದು ಸುಲಭ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದನ್ನು ನಮ್ಮ ಹಿರಿಯರು ಹಾಸ್ಯಮಾಡಿದರು. ಕೊಳ್ಳೆ ಹೋದ ಮೇಲೂ ಬಾಗಿಲು ಹಾಕದವರನ್ನು ಏನೆನ್ನಬೇಕು? ಪ್ರತಿಯೊಂದು ವಿಚಾರಣಾ ವರದಿಯ ಸಲಹೆಗಳಲ್ಲಿ ಎಷ್ಟು ನೆರವೇರಿದವು, ಎಷ್ಟು ಉಳಿದವು, ಏತಕ್ಕೆ ಉಳಿದವು ಎಂಬುದನ್ನು ಸರಕಾರದವರು ವರ್ಷವರ್ಷವೂ ಸಂಸತ್ತಿನ ಮುಂದಿಡತಕ್ಕದ್ದು. ಅದನ್ನು ಕೇಳಿ ಪಡೆಯುವುದು ಸ್ವತಂತ್ರ ದೇಶದ ಪ್ರಜೆಗಳ ಹಕ್ಕು. ಕೇಳದೆ ಇರುವುದು ಮಡಿದವರಿಗೆ ನಾವು ಮಾಡುವ ದ್ರೋಹ.